ನೀರಿನ ಮೇಲೆ ತೇಲಿದ ಗಚ್ಚು

ಅಣ್ಣ ತೀರಿಕೊಂಡ ಮೇಲೆ ಬಂದ ಮೊದಲ ಪಂಚಮಿ ಇದು. ಈ ಸಲ ನನ್ನನ್ನು ಕರೆಯಲು ಯಾರೂ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವನ ಮಗ ಬಂದಿದ್ದ, ನನ್ನನ್ನೂ ನಮ್ಮ ಮನೆಯವರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದ. ಊರು ದಾಟಿ ಕಪ್ಪು ಎರೆ ಹೊಲಗಳ ನಡುವೆ ಬಸ್ಸು ಹಾಯುವಾಗ ನಾನು ಒಂದು ಜಾಗದಲ್ಲಿ ಕಿಟಕಿಯಿಂದ ಬಗ್ಗಿ ನೆಲ ನೋಡಿದೆ. ಪಕ್ಕದಲ್ಲಿ ಕೂತ ಹೆಂಗಸು, "ಏನರ ಬಿತ್ತೇನಬೇ?" ಎಂದು ಕೇಳಿದಳು. ಏನೂ ಬಿದ್ದಿರಲಿಲ್ಲ. ಆ ಜಾಗದಲ್ಲಿ ಬಸ್ಸು ಕುಲುಕಲಿಲ್ಲ, ಅಷ್ಟೇ.

ನಾನು ಹೆಚ್ಚು ಓದಿದವಳಲ್ಲ. ಚಿಕ್ಕಂದಿನಲ್ಲಿ ಅಯ್ಯನವರ ಸಾಲಿಯಲ್ಲಿ ನಾಲ್ಕು ವರ್ಷ ಕಲಿತ ಅಕ್ಷರವೇ ನನ್ನ ಹತ್ತಿರ ಇರುವುದು. ಅಣ್ಣನ ಬಗ್ಗೆ ಬರೆಯಬೇಕೆಂದು ಕೂತರೆ ಅಳುವಿಗಿಂತ ಮೊದಲು ನಗು ಬರುತ್ತದೆ. ಆದ್ದರಿಂದ ಆ ಹಾದಿಯ ಕತೆಯನ್ನೇ ಬರೆಯುತ್ತೇನೆ. ಅದರಲ್ಲಿ ಅವನು ಇದ್ದ ಹಾಗೇ ಇದ್ದಾನೆ.

ನನ್ನ ತವರು ಗಂಗಾವತಿ ಕಡೆಯ ಹಳೆಯ ಕಾಲುವೆಯ ಕೆಳಗಿನ ಒಂದು ಭತ್ತದ ಊರು. ಗಂಡನ ಮನೆ ಯಲಬುರ್ಗಾದಿಂದ ಕುಷ್ಟಗಿ ಕಡೆಗೆ ಹೋಗುವ ಹಾದಿಯ ಎರೆ ಸೀಮೆಯಲ್ಲಿ. ಮದುವೆಯಾದದ್ದು ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ತವರಿಗೂ ನಮ್ಮೂರಿಗೂ ಬಂಡಿಯಲ್ಲಿ ಎರಡು ದಿನದ ಹಾದಿ, ನಡುವೆ ಇರಕಲ್ಲಗಡದಲ್ಲಿ ವಸ್ತಿ. ಎರಡು ದಿನದ ಹಾದಿ ಯಾರಿಗೂ ಕಷ್ಟವಾಗಿರಲಿಲ್ಲ. ಕಷ್ಟವೆಲ್ಲ ಇದ್ದದ್ದು ನಮ್ಮೂರು ಮುಟ್ಟಲು ಇನ್ನೊಂದು ಕೂಗಳತೆ ಇರುವಾಗ ಸಿಗುವ ನಲವತ್ತು ಮಾರು ತಗ್ಗಿನಲ್ಲಿ.

ಎರೆ ಮಣ್ಣು ಕಂಡವರಿಗೆ ಹೇಳುವುದು ಬೇಡ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಉಬ್ಬಿ, ನೆನೆದು, ಕಲಸಿದ ಹಿಟ್ಟಿನಂತೆ ಆಗುತ್ತದೆ. ಸಡಕಿನ ಕೆಲಸದವರು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಬಂದು ಆ ತಗ್ಗಿಗೆ ಗುಂಡುಗಲ್ಲು ಸುರಿದು, ಮೇಲೆ ಖಡಿಯ ಸಣ್ಣ ಕಲ್ಲು ಹಾಸಿ, ಗರಸು ಮಣ್ಣು ಹೊಡೆದು, ದಮ್ಮಸ್ಸು ಮಾಡಿ ಹೋಗುತ್ತಿದ್ದರು. ಆಷಾಢದ ಮಳೆಗೆ ಅದಷ್ಟೂ ನೆಲದೊಳಗೆ ಇಳಿದುಬಿಡುತ್ತಿತ್ತು. ಮರುವರ್ಷ ಇನ್ನೂ ದೊಡ್ಡ ಕಲ್ಲು ತಂದು ಹಾಕುತ್ತಿದ್ದರು. ಅದೂ ಇಳಿಯುತ್ತಿತ್ತು. ನಮ್ಮ ಅತ್ತೆ ಹೇಳುತ್ತಿದ್ದರು: "ಒಂದು ಗುಡ್ಡ ಪೂರಾ ತಿಂದೈತಿ ಈ ತಗ್ಗು. ಇನ್ನೂ ಹೊಟ್ಟಿ ತುಂಬಿಲ್ಲ ಅದಕ್ಕ."

ಪಂಚಮಿ ಬರುವುದು ಶ್ರಾವಣದಲ್ಲಿ. ಮದುವೆಯಾದ ಹೆಣ್ಣುಮಕ್ಕಳಿಗೆ ಅದು ತವರಿನ ಹಬ್ಬ. ಅಣ್ಣನೋ ತಮ್ಮನೋ ಬಂಡಿ ಕಟ್ಟಿಕೊಂಡು ಕರೆಯಲು ಬರಬೇಕು, ಗಂಡನ ಮನೆಯವರು ಉಡಿ ತುಂಬಿ ಕಳಿಸಬೇಕು. ತಾನಾಗಿ ಹೋಗುವ ಹಾಗಿಲ್ಲ. ತವರಿನಲ್ಲಿ ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ, ಬೇರೆ ಬೇರೆ ಊರು ಸೇರಿದ ಗೆಳತಿಯರು. ವರ್ಷದಲ್ಲಿ ಅವರೆಲ್ಲ ಒಂದು ಕಡೆ ಸಿಗುವುದು ಆಗ ಮಾತ್ರ.

ಮೊದಲ ವರ್ಷ ಅಣ್ಣನ ಬಂಡಿ ತಗ್ಗಿನಲ್ಲಿ ಅಚ್ಚಿನವರೆಗೆ ಹೂತುಹೋಯಿತು. ಅವನು ಸೊಂಟದವರೆಗೆ ಕೆಸರು ಮೆತ್ತಿಕೊಂಡು ನಡೆದೇ ಬಂದು ಬಾಗಿಲಲ್ಲಿ ನಿಂತ. ಅತ್ತೆಗೆ ಮೊದಲು ಗುರುತೇ ಸಿಗಲಿಲ್ಲ.

"ಯಾವೂರ ಎಮ್ಮಿ ಬಂತಿದು?" ಎಂದರು.

"ಗಂಗಾವತಿ ಕಡೇದ್ರಿ ಅತ್ತಿ, ಹಾಲು ಭಾಳ ಕೊಡ್ತೈತಿ," ಎಂದ ಅಣ್ಣ.

ನಗುತ್ತಲೇ ನೀರು ಕೊಟ್ಟರು, ಊಟಕ್ಕೆ ಬಡಿಸಿದರು. ಆದರೆ ಹೊಸ ಮದುಮಗಳನ್ನು ಕೆಸರಿನಲ್ಲಿ ನಡೆಸಿ ಕಳಿಸಲು ಅತ್ತೆ ಒಪ್ಪಲಿಲ್ಲ. ಎರಡನೆಯ ವರ್ಷ ಮಳೆ ಜಾಸ್ತಿಯಾಗಿ ಅವನು ಇರಕಲ್ಲಗಡದಿಂದಲೇ ತಿರುಗಿ ಹೋದ. ಮೂರನೆಯ ವರ್ಷ ಅದೇ ತಗ್ಗಿನಲ್ಲಿ ಒಳಗಿದ್ದ ಕಲ್ಲಿಗೆ ಸಿಕ್ಕು ಬಲಗಡೆಯ ಎತ್ತಿನ ಕಾಲು ಉಳುಕಿತು. ಆ ಎತ್ತು ಎರಡು ತಿಂಗಳು ಕೊಟ್ಟಿಗೆ ಬಿಟ್ಟು ಏಳಲಿಲ್ಲ.

ಆಗ ನಮ್ಮ ಅಪ್ಪ ಹೇಳಿ ಕಳಿಸಿದ ಮಾತು ಇದು: "ಮುಂದಿನ ಶ್ರಾವಣಕ್ಕ ಇನ್ನೊಂದು ಸಲ ಬಂಡಿ ಕಳಸ್ತೀನಿ. ಮತ್ತ ಸಿಕ್ತಂದ್ರ ಅಲ್ಲಿಗಿ ಮುಗೀತು. ಮಗಳು ಬ್ಯಾಸಿಗ್ಯಾಗ ಬಂದು ಹೋಗಲಿ. ಪಂಚಮಿ ಆಸೆ ಬಿಡ್ರಿ."

ಅಪ್ಪ ಆಡಿದ ಮಾತು ಬದಲಿಸುವವರಲ್ಲ. ನನಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಒಂದೇ ಒಂದು ಶ್ರಾವಣ ಉಳಿಯಿತು ಎಂದು ಬೆರಳು ಮಡಚಿಕೊಂಡದ್ದು ನೆನಪಿದೆ.

ನಮ್ಮ ಮನೆಯವರು ಗೌಂಡಿ, ಗೋಡೆ ಮೋರಿ ಕಟ್ಟುವವರು. ಮಾತು ಕಡಿಮೆ. ಗಚ್ಚಿನ ಕೆಲಸದಲ್ಲಿ ಸುತ್ತಿನ ಹಳ್ಳಿಗಳಲ್ಲಿ ಒಳ್ಳೆಯ ಹೆಸರಿತ್ತು. ಯುದ್ಧದ ಕಾಲ, ಸಿಮೆಂಟು ಎನ್ನುವುದನ್ನು ನಾವು ಕಣ್ಣಿಂದ ನೋಡಿರಲಿಲ್ಲ. ಸುಣ್ಣ ಸುಟ್ಟು, ಅರಳಿಸಿ, ಮರಳು, ಇಟ್ಟಂಗಿ ಪುಡಿ ಕೂಡಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದರೆ ಗಚ್ಚು. ಆ ವರ್ಷ ತಗ್ಗಿನ ಪಕ್ಕದಲ್ಲೇ ನೀರು ಹಾಯಲು ಒಂದು ಸಣ್ಣ ಮೋರಿ ಕಟ್ಟುವ ಕೆಲಸ ಅವರಿಗೆ ಬಂದಿತ್ತು. ಗಾಣವನ್ನು ನಮ್ಮ ಹಿತ್ತಲಲ್ಲೇ ಹೂಡಿದ್ದರು. ಗಚ್ಚಿಗೆ ಬೆಲ್ಲದ ನೀರು ಹಾಕುವುದು ರೂಢಿ, ಅದರಿಂದ ಬಿಗಿ ಬರುತ್ತದೆ. ಬೆಲ್ಲ ನೆನೆಹಾಕಿ, ಹೊತ್ತಿಗೆ ಸರಿಯಾಗಿ ಗಾಣಕ್ಕೆ ಸುರಿಯುವ ಕೆಲಸ ನನ್ನದು.

ಯುಗಾದಿಗೆ ಎಂಟು ದಿನ ಇತ್ತು. ಅತ್ತೆ ಹಬ್ಬದ ಮುಂಚೆ ಮನೆಯ ಕಂಬಳಿಗಳನ್ನೆಲ್ಲ ಒಗೆಯಲು ಅಂಟವಾಳಕಾಯಿ ಕುಟ್ಟಿ ಒಂದು ಗಡಿಗೆಯಲ್ಲಿ ನೆನೆಹಾಕಿದ್ದರು. ನನ್ನ ಬೆಲ್ಲದ ಗಡಿಗೆಯೂ ಅದರ ಪಕ್ಕದಲ್ಲೇ. ಎರಡೂ ಕಂದು ನೀರು, ಎರಡಕ್ಕೂ ಬಟ್ಟೆ ಮುಚ್ಚಿತ್ತು. ನಾನು ಪಂಚಮಿಯ ಚಿಂತೆಯಲ್ಲೇ ಒಂದು ಗಡಿಗೆ ಎತ್ತಿಕೊಂಡು ಹೋಗಿ ಗಾಣಕ್ಕೆ ಸುರಿದೆ.

ಎತ್ತು ನಾಲ್ಕು ಸುತ್ತು ತಿರುಗುವುದರಲ್ಲಿ ಗಚ್ಚು ಉಬ್ಬತೊಡಗಿತು. ಆರನೆಯ ಸುತ್ತಿಗೆ ಗಾಣದ ಅಂಚು ಮೀರಿ ನೊರೆ ಹೊರಗೆ ಬಂತು. ಎತ್ತು ನಿಂತು, ಮೂಸಿ, ಸೀನಿತು. ನಮ್ಮ ಮನೆಯವರು ಕೈಯಲ್ಲಿ ಒಂದಿಷ್ಟು ತೆಗೆದುಕೊಂಡು ನೋಡಿದರು, ನನ್ನ ಮುಖ ನೋಡಿದರು. ಅಷ್ಟರಲ್ಲಿ ಬಾವಿಯ ಕಡೆಯಿಂದ ಅತ್ತೆಯ ಕೂಗು ಕೇಳಿಸಿತು.

"ಯಾರಬೇ ಇದು, ಕಂಬಳಿಗಿ ಬೆಲ್ಲ ಹಚ್ಚಿದವರು! ಇರುವಿ ಮದವಿ ಮೆರವಣಿಗಿ ಹೊಂಟೈತಿ ಇಲ್ಲಿ!"

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಅಳು ಬಂತೋ ನಗು ಬಂತೋ ಹೇಳಲಾರೆ. ನಮ್ಮ ಮನೆಯವರು ಬೈಯಲಿಲ್ಲ. ಅರೆದ ಗಚ್ಚನ್ನು ಚೆಲ್ಲಲು ಅವರಿಗೆ ಮನಸ್ಸಾಗುವುದಿಲ್ಲ. ಇಟ್ಟಂಗಿಯ ದೊಡ್ಡ ಅಚ್ಚುಗಳಿಗೆ ಅದನ್ನು ತುಂಬಿ ಬೇಲಿಯ ಬದಿಗೆ ಇಟ್ಟರು. ಆ ದಿನ ಅತ್ತೆ ಕಂಬಳಿಗಳನ್ನು ಮೂರು ಸಲ ತೊಳೆದರು, ಮೂರು ಸಲವೂ ನನ್ನ ತವರಿನವರನ್ನು ನೆನೆದರು.

ಯುಗಾದಿಗೆ ಅಣ್ಣ ಬಂದ. ಅವನು ಬರುವಾಗ ಅಕ್ಕಿಯ ಜೊತೆಗೆ ಒಂದು ಚೀಲ ಭತ್ತದ ಹೊಟ್ಟಿನ ಬೂದಿ ತರುತ್ತಿದ್ದ. ನಮ್ಮ ಕಡೆ ಭತ್ತವಿಲ್ಲ, ಆ ಬೂದಿಯೂ ಸಿಗದು. ಪಾತ್ರೆ ತಿಕ್ಕಲು ಅತ್ತೆಗೆ ಅದೇ ಬೇಕು. ಅಣ್ಣನೂ ನಮ್ಮ ಮನೆಯವರೂ ಒಬ್ಬರನ್ನೊಬ್ಬರು ಮಾವಾ ಎಂದೇ ಕರೆಯುತ್ತಿದ್ದರು. ಅಣ್ಣ ಇದ್ದ ಕಡೆ ನಮ್ಮ ಮನೆಯವರಿಗೂ ಮಾತು ಬರುತ್ತಿತ್ತು.

"ಹಬ್ಬಕ್ಕ ಬೀಗರ ಮನಿಗಿ ಬೂದಿ ಹೊತ್ಕೊಂಡು ಬರಾಂವ ಈ ಸೀಮ್ಯಾಗ ನೀನೊಬ್ಬನ ಮಾವಾ," ಎಂದರು.

"ನಿಮ್ಮ ತಗ್ಗು ದಾಟಿ ಬರೋದ್ರಾಗ ಅಕ್ಕಿನೂ ಬೂದಿ ಆಗತೈತಿ ಮಾವಾ. ಅದಕ್ಕ ಮೊದಲ ಬೂದಿ ಮಾಡ್ಕೊಂಡು ಬರ್ತೀನಿ."

ಆ ಸಂಜೆ ಎತ್ತಿಗೆ ನೀರು ಕುಡಿಸಲು ಹೋದ ಅಣ್ಣ ಬೇಲಿಯ ಬದಿಗಿದ್ದ ಗಚ್ಚಿನ ತುಂಡನ್ನು ಕಂಡು ಎತ್ತಿದ. ಕಲ್ಲೆಂದು ಬಲ ಹಾಕಿ ಎತ್ತಿದ್ದರಿಂದ ಅದು ಗದ್ದಕ್ಕೇ ಬಂದು ಬಡಿಯಿತು. ಗದ್ದ ಉಜ್ಜಿಕೊಳ್ಳುತ್ತ ಅದನ್ನು ಎತ್ತಿಗೆ ನೀರಿಡುವ ಕಲ್ಲಿನ ದೋಣಿಗೆ ಎಸೆದ. ಅದು ಮುಳುಗಿತು, ಎದ್ದಿತು, ತೇಲಿತು. ಎತ್ತು ಮೂತಿಯಿಂದ ಅದನ್ನು ಆಚೆ ನೂಕಿ ನೀರು ಕುಡಿಯಿತು.

"ಮಾವಾ! ಬಾ ಇಲ್ಲಿ! ನೀನು ಮಾಡಿದ ಕಲ್ಲು ಈಸು ಬೀಳತೈತಿ!"

ನಮ್ಮ ಮನೆಯವರು ಬಂದು ದೋಣಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಹಳ ಹೊತ್ತು ಅದನ್ನೇ ನೋಡಿದರು. ಒಂದು ಬೆರಳಿನಿಂದ ಒತ್ತುವುದು, ಬಿಡುವುದು, ಅದು ಮೇಲೆ ಬರುವುದು. ಆಮೇಲೆ ಮೆಲ್ಲಗೆ ಹೇಳಿದರು:

"ಭಾರ ಹಾಕಿದಷ್ಟೂ ಆ ತಗ್ಗು ಒಳಗ ಎಳ್ಕೊಳ್ಳಾಕತ್ತೈತಿ. ಎಳ್ಕೊಳ್ಳಾಕ ಭಾರನ ಇಲ್ಲದ್ದು ಹಾಕಿದ್ರ?"

ಅಣ್ಣ ಈ ಸಲ ನಗಲಿಲ್ಲ. ನನ್ನ ಕಡೆ ನೋಡಿದ. ನಮ್ಮ ಮೂವರಿಗೂ ಶ್ರಾವಣವೇ ನೆನಪಾಗಿತ್ತು.

ಆದರೆ ಆ ತುಂಡು ಕೈಯಲ್ಲಿ ಹಿಚುಕಿದರೆ ಪುಡಿಯಾಗುತ್ತಿತ್ತು. ಹಗುರವಿತ್ತು, ಬಿಗಿ ಇರಲಿಲ್ಲ. ನಮ್ಮ ಮನೆಯವರು ಮತ್ತೆ ಎರಡು ಸಲ ಅರೆದರು, ಇಟ್ಟಂಗಿ ಪುಡಿ ಹೆಚ್ಚಿಸಿ ನೋಡಿದರು. ಅದೂ ಬಂಡಿಯ ಗಾಲಿ ತಡೆಯುವ ಹಾಗಿರಲಿಲ್ಲ. ದಾರಿ ತೋರಿಸಿದವರು ಅತ್ತೆ. ತೋರಿಸಲಿಕ್ಕೆಂದು ಅಲ್ಲ, ಬೈಯಲಿಕ್ಕೆಂದು. ಪಾತ್ರೆ ತಿಕ್ಕುವ ಕಲ್ಲಿನ ಹತ್ತಿರ ಗಚ್ಚು ಚೆಲ್ಲಿ, ಅಲ್ಲಿದ್ದ ಭತ್ತದ ಬೂದಿಯ ಜೊತೆ ಕೂಡಿ ಗಟ್ಟಿಯಾಗಿತ್ತು. ಅದನ್ನು ಕುಡುಗೋಲಿನಿಂದ ಕೆರೆಯಹೋದ ಅತ್ತೆ ಕುಡುಗೋಲಿನ ಮೊನೆ ಮುರಿದುಕೊಂಡು ಬಂದರು.

"ಬಚ್ಚಲ ಮುಂದ ಬಂಡಿ ನಿಲ್ಲಿಸೋವಷ್ಟು ಕಲ್ಲ ಆಗೇತಿ! ನಾನು ಪಾತ್ರಿ ಎಲ್ಲಿ ತಿಕ್ಕಲೋ ತಮ್ಮಾ?"

ನಮ್ಮ ಮನೆಯವರು ಓಡಿ ಹೋಗಿ ನೋಡಿದರು. ಒಳಗೆ ಬಂದು ಅತ್ತೆಯ ಬೂದಿಯ ಚೀಲವನ್ನೇ ಹೊತ್ತುಕೊಂಡು ಗಾಣಕ್ಕೆ ಹೋದರು. ಅತ್ತೆ ಹಿಂದೆಯೇ ಕೂಗುತ್ತ ಹೋದರು. ಹದಿನೈದು ದಿನದ ಮೇಲೆ ಅಚ್ಚಿನಿಂದ ತೆಗೆದ ತುಂಡಿನ ಮೇಲೆ ನಮ್ಮ ಮನೆಯವರು ಹತ್ತಿ ನಿಂತರು. ಅತ್ತೆಯನ್ನೂ ಹತ್ತಿಸಿದರು. ಒಡೆಯಲಿಲ್ಲ. ನೀರಿಗೆ ಹಾಕಿದರೆ ತೇಲಿತು.

ನೊರೆ ಮಾಡುವುದನ್ನೂ ಅಷ್ಟರಲ್ಲಿ ಕಲಿತಿದ್ದೆವು. ಗಾಣಕ್ಕೆ ನೀರು ಸುರಿದರೆ ನೊರೆ ಅರೆದು ಸತ್ತುಹೋಗುತ್ತದೆ. ಬೇರೆ ಗಡಿಗೆಯಲ್ಲಿ ಅಂಟವಾಳದ ನೀರನ್ನು ಮಜ್ಜಿಗೆಯ ಹಾಗೆ ಕಡಗೋಲಿನಿಂದ ಕಡೆಯಬೇಕು, ನೊರೆ ಬೆಣ್ಣೆಯಷ್ಟು ಗಟ್ಟಿಯಾದಾಗ ಅರೆದ ಗಚ್ಚಿಗೆ ಕೈಯಿಂದ ಮೆಲ್ಲಗೆ ಕೂಡಿಸಬೇಕು. ಇದನ್ನು ಕಂಡುಕೊಂಡವಳು ನಾನೇ. ಮಜ್ಜಿಗೆ ಕಡೆಯುವವಳಿಗೆ ಅದು ದೊಡ್ಡ ವಿದ್ಯೆಯೇನಲ್ಲ.

ಸಡಕಿನ ಕೆಲಸ ನೋಡುವ ಸಾಹೇಬರು ತಿಂಗಳಿಗೊಮ್ಮೆ ಕುದುರೆಯ ಮೇಲೆ ಬರುತ್ತಿದ್ದರು. ರೂಮಿ ಟೋಪಿ, ಬಿಳಿ ಗಡ್ಡ, ಒಳ್ಳೆಯ ಮನುಷ್ಯ. ನಮ್ಮ ಮನೆಯವರು ವಿಷಯ ಹೇಳಿದರು. ಸಾಹೇಬರು ಟೋಪಿ ಸರಿಮಾಡಿಕೊಂಡು ಕೇಳಿದರು:

"ಅರೇ ಮಿಸ್ತ್ರಿ, ಕಲ್ಲು ನಿಲ್ಲದ ಜಾಗದಾಗ ಸಾಬೂನಿನ ನೊರಿ ನಿಲ್ಲತೈತೇನು? ಮಜಾಕ್ ಮಾಡ್ತೀಯಾ?"

ನಮ್ಮ ಮನೆಯವರು ಒಂದು ದೊಡ್ಡ ತುಂಡನ್ನು ತೋರಿಸಿ, "ಇದನ್ನ ನೆರಳಿಗಿ ಇಡಸ್ರಿ ಸಾಹೇಬ್ರ," ಎಂದರು. ಸಾಹೇಬರ ಜವಾನ ಪೈಲ್ವಾನನಂಥ ಆಳು. ಅಷ್ಟು ದೊಡ್ಡ ಕಲ್ಲೆಂದು ಕಾಲು ಅಗಲಿಸಿ, ಉಸಿರು ಕಟ್ಟಿ, ಜೋರಾಗಿ ಎತ್ತಿದ. ತುಂಡಿನ ಸಮೇತ ಹಿಂದಕ್ಕೆ ಹೋಗಿ ಸುಣ್ಣದ ಗುಂಡಿಯ ಅಂಚಿಗೆ ಕೂತ. ಸಾಹೇಬರು ನಕ್ಕ ನಗುವಿಗೆ ಟೋಪಿ ಬಿತ್ತು. ನಮ್ಮ ಅತ್ತೆ ಅದನ್ನು ಎತ್ತಿ ಧೂಳು ಝಾಡಿಸಿ ಕೊಟ್ಟರು.

"ಹತ್ತು ಮಾರು ಮಾಡು," ಎಂದರು ಸಾಹೇಬರು. "ನಡುವಿನ ಹತ್ತು ಮಾರು, ಎಲ್ಲಕ್ಕಿಂತ ಖರಾಬ್ ಇದ್ದದ್ದು. ಎರಡೂ ಕಡೆ ಹದಿನೈದು ಹದಿನೈದು ಮಾರು ಹಳೇ ಪದ್ಧತಿ. ಮಳಿಗಾಲ ಆದ ಮ್ಯಾಲೆ ನೋಡೋಣ."

ಅಷ್ಟು ಸಾಕೆನ್ನಿಸಿತು ನಮಗೆ. ಅಲ್ಲೇ ನಾವು ಎಡವಿದ್ದು, ಆದರೆ ಅದು ತಿಳಿದದ್ದು ಆಮೇಲೆ.

ಬಿರುಬೇಸಿಗೆಯಲ್ಲಿ ಕೆಲಸ ನಡೆಯಿತು. ಅಣ್ಣ ಎರಡು ಸಲ ಬಂಡಿ ತುಂಬ ಬೂದಿ ತಂದ. ಬೂದಿಯ ಬಂಡಿ ಓಡಿಸಿ ಅವನ ಹುಬ್ಬು ಮೀಸೆ ಬೆಳ್ಳಗಾಗಿ ನಮ್ಮಪ್ಪನ ಹಾಗೇ ಕಾಣುತ್ತಿದ್ದ. ಓಣಿಯ ಹೆಂಗಸರು ತಮ್ಮ ತಮ್ಮ ಕಡಗೋಲು ತಂದು ಸಾಲಾಗಿ ಕೂತು ನೊರೆ ಕಡೆದರು. ಹತ್ತು ಗಡಿಗೆ, ಹತ್ತು ಕಡಗೋಲು, ಒಂದೇ ಸದ್ದು. ಹಾದಿಯಲ್ಲಿ ಹೋಗುವವರು ನಿಂತು, "ಯಾರ ಮನಿ ಮದವಿಗಿಬೇ ಇಷ್ಟು ಮಜ್ಜಿಗಿ?" ಎಂದು ಕೇಳುವರು. "ಸಡಕಿನ ಮದವಿಗಿ!" ಎಂದು ಅತ್ತೆ ಉತ್ತರ ಕೊಡುವರು. ಹಾಡು ಶುರುವಾದರೆ ಕಡಗೋಲು ತಾನೇ ಓಡುತ್ತಿತ್ತು. ಅಷ್ಟು ನಗು ನಾನು ಕೂಲಿ ಕೆಲಸದಲ್ಲಿ ಮತ್ತೆಂದೂ ಕಂಡಿಲ್ಲ. ಊರಿನವರು ನಮ್ಮ ಮನೆಯವರಿಗೆ ನೊರಿ ಗೌಂಡಿ ಎಂದು ಹೆಸರಿಟ್ಟರು.

ಗಂಡಾಳುಗಳು ತೊಡೆಯುದ್ದ ಎರೆ ಮಣ್ಣು ತೆಗೆದು ಹೊರಗೆ ಹಾಕಿದರು. ಆ ಗುಂಡಿಗೆ ನೊರೆ ಗಚ್ಚು ಸುರಿದರು, ಮೇಲೆ ತೆಳ್ಳಗೆ ಖಡಿ, ಗರಸು. ಏಕೆ ಹೀಗೆ ಎಂದು ಒಬ್ಬರು ಕೇಳಿದಾಗ ನಮ್ಮ ಮನೆಯವರು ಅತ್ತೆಯನ್ನು ತೋರಿಸಿ ಹೇಳಿದರು: "ನಮ್ಮವ್ವ ತಲಿ ಮ್ಯಾಗ ಎರಡು ಕೊಡ ಹೊತ್ತು ನಿಂತಾಳ ಅಂತ ತಿಳಿ. ಮ್ಯಾಲಿನ ಕೊಡ ಇಳಿಸಿ ಹತ್ತಿ ಗಂಟು ಇಟ್ರ ಕುತ್ತಿಗಿ ಕುಸಿತೈತೇನು? ತೆಗೆದ ಮಣ್ಣಿಗಿಂತ ಹಾಕಿದ್ದು ಹಗುರ. ಕೆಳಗಿನ ನೆಲಕ್ಕ ನಾವು ಹೊರಿ ಕಡಿಮಿ ಮಾಡೀವಿ."

"ನನ್ನ ತಲಿ ಮ್ಯಾಗ ಎರಡಲ್ಲ, ನೀನು ಒಬ್ಬನ ಸಾಕು ಹೊರಿ," ಎಂದರು ಅತ್ತೆ.

ಹುಲ್ಲು ಮುಚ್ಚಿ ಒಂದು ತಿಂಗಳು ನೀರು ಹೊಡೆದೆವು. ಮಿಕ್ಕ ಗಚ್ಚನ್ನೆಲ್ಲ ಅಚ್ಚಿಗೆ ಹಾಕಿ ಹಿತ್ತಲಲ್ಲಿ ಒಟ್ಟಿದ್ದಾಯಿತು. ಕಾಲಿಡಲು ಜಾಗವಿಲ್ಲದಷ್ಟು ತುಂಡುಗಳು. ಅವುಗಳ ಸಂದಿಯಲ್ಲಿ ಕೋಳಿ ಕಾವಿಗೆ ಕೂತಿತು. "ತೆಗೀರಿ ಇವನ್ನ," ಎಂದು ಅತ್ತೆ ದಿನಾ ಹೇಳುತ್ತಿದ್ದರು, ಯಾರೂ ತೆಗೆಯಲಿಲ್ಲ.

ಆಷಾಢದ ಮಳೆ ಹಿಡಿಯಿತು. ದಿನಾ ಹೋಗಿ ನೋಡುತ್ತಿದ್ದೆ. ನಡುವಿನ ಹತ್ತು ಮಾರು ಇದ್ದಲ್ಲೇ ಇತ್ತು. ಆದರೆ ಎರಡೂ ಕಡೆಯ ಕಲ್ಲು ಹಾಕಿದ ಭಾಗ ಪ್ರತಿ ವರ್ಷದ ಹಾಗೇ ಇಳಿಯತೊಡಗಿತು. ಪಂಚಮಿಗೆ ನಾಲ್ಕು ದಿನ ಇರುವಾಗ ನಮ್ಮ ಹತ್ತು ಮಾರು ಕೆಸರಿನ ನಡುವೆ ಒಂದು ಕಟ್ಟೆಯ ಹಾಗೆ, ಮೊಣಕಾಲೆತ್ತರ ಎದ್ದು ನಿಂತಿತ್ತು. ನೆಲವಲ್ಲ ಮೇಲೆದ್ದದ್ದು, ಅಕ್ಕಪಕ್ಕ ಕೆಳಗೆ ಹೋದದ್ದು. ಬಂಡಿ ಆ ಕೆಸರಿನಿಂದ ಕಟ್ಟೆ ಹತ್ತುವುದು ಹೇಗೆ? ಹತ್ತಿದರೆ ಇಳಿಯುವುದು ಹೇಗೆ? ಹಗುರ ಮಾಡುವ ಉಮೇದಿನಲ್ಲಿ ಪಕ್ಕದ ಭಾರವನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಊರವರು, "ನೊರಿ ಗೌಂಡಿ ಸಡಕಿನಾಗ ಕುಂದ್ರಾಕ ಕಟ್ಟಿ ಕಟ್ಟ್ಯಾನ," ಎಂದು ನಕ್ಕರು. ನಮ್ಮ ಮನೆಯವರು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಅಣ್ಣನ ಬಂಡಿ ಬಂತು. ತುಂತುರು ಮಳೆ. ದೂರದಿಂದಲೇ ಎತ್ತಿನ ಕೊರಳ ಗೆಜ್ಜೆ ಕೇಳಿಸಿತು, ಆಮೇಲೆ ನಿಂತಿತು. ನಾನು ಓಡಿ ಹೋದೆ. ಅಣ್ಣ ತಗ್ಗಿನ ಆಚೆ ದಂಡೆಯಲ್ಲಿ ಬಂಡಿ ನಿಲ್ಲಿಸಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ನಡುವೆ ನಮ್ಮ ಕಟ್ಟೆ, ಅದರ ಆಚೆಗೂ ಈಚೆಗೂ ಹದಿನೈದು ಮಾರು ಕೆಸರು.

"ಮಾವಾ," ಎಂದು ಕೂಗಿದ, "ಛಲೋ ಮಾಡಿದಿ. ನಡುವ ಕುಂತು ಎಲಿ ಅಡಕಿ ಹಾಕ್ಕೊಳ್ಳಾಕ ಅನುಕೂಲ ಆತು. ಹತ್ತಾಕ ನಿಚ್ಚಣಿಕಿ ಮರ್ತೀಯೇನು?"

ನಮ್ಮ ಮನೆಯವರು ತಲೆ ತಗ್ಗಿಸಿ ಕೆಸರನ್ನೇ ನೋಡುತ್ತ ನಿಂತರು. ಅಣ್ಣ ನಗಿಸಲು ನೋಡುತ್ತಿದ್ದ, ಆದರೆ ಎತ್ತಿನ ಕೊರಳು ಸವರುವ ಅವನ ಕೈ ನನಗೆ ಕಾಣುತ್ತಿತ್ತು. ಕಾಲು ಉಳುಕಿದ್ದ ಆ ಎತ್ತನ್ನೇ ಕಟ್ಟಿಕೊಂಡು ಬಂದಿದ್ದ. ಅದನ್ನು ಕೆಸರಿಗೆ ಇಳಿಸು ಎಂದು ನಾನು ಹೇಳಲಾರೆ, ಅವನು ಇಳಿಸಲಾರ. ಬಂಡಿ ತಿರುಗಿಸಿದರೆ ಅಪ್ಪನ ಮಾತು ನಿಜವಾಗುತ್ತದೆ.

ನಿಚ್ಚಣಿಕೆ ಎಂದನಲ್ಲ. ನನಗೆ ಹಿತ್ತಲಿನ ತುಂಡುಗಳು ಕಣ್ಣಿಗೆ ಬಂದವು. ಮನೆಗೆ ಓಡಿದೆ. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿ ಬುಟ್ಟಿಗೆ ಹಾಕಿ, ಎಲ್ಲಕ್ಕಿಂತ ದೊಡ್ಡ ತುಂಡನ್ನು ತಲೆಯ ಮೇಲೆ ಇಟ್ಟುಕೊಂಡು, ಇನ್ನೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆ. ಆಚೆ ದಂಡೆಯಲ್ಲಿ ನಿಂತ ಅಣ್ಣ ಬಾಯಿ ತೆರೆದು ನೋಡಿದ. ಹಗುರವೆಂದು ಗೊತ್ತಿದ್ದರೂ ದೂರದಿಂದ ಅವನ ಕಣ್ಣಿಗೆ ಅದು ಕಲ್ಲೇ.

"ಅತ್ತೀ! ನನ್ನ ತಂಗಿಗಿ ಏನು ತಿನ್ನಸ್ತೀರ್ರಿ ನೀವು? ಎತ್ತು ಬಿಟ್ಟು ಆಕೀನ ಕಟ್ತೀನಿ ನೊಗಕ್ಕ!"

"ಬರೇ ರೊಟ್ಟಿ ತಮ್ಮಾ," ಎಂದರು ಹಿಂದಿನಿಂದ ಅತ್ತೆ. ತಿರುಗಿ ನೋಡಿದರೆ ಅತ್ತೆಯ ತಲೆಯ ಮೇಲೂ ಒಂದು ತುಂಡು. ಅವರ ಹಿಂದೆ ನೊರೆ ಕಡೆದ ಓಣಿಯ ಹೆಂಗಸರೆಲ್ಲ, ಒಬ್ಬೊಬ್ಬರ ತಲೆಯ ಮೇಲೆ ಒಂದು, ಎರಡು. ಗಂಡಸರು ಇಬ್ಬಿಬ್ಬರು ಹಿಡಿಯುವ ಗಾತ್ರದ ತುಂಡುಗಳನ್ನು ಹೊತ್ತು, ಬಳೆಯ ಕೈ ಬೀಸುತ್ತ, ನೀರಿಗೆ ಹೋದವರ ಹಾಗೆ ಸಾಲಾಗಿ ಬಂದರು. ನೊರಿ ಗೌಂಡಿ ಎಂದು ನಕ್ಕ ಗಂಡಸರೂ ಆಮೇಲೆ ಸುಮ್ಮನೆ ನಿಲ್ಲಲಾಗದೆ ಹಿತ್ತಲಿಗೆ ನಡೆದರು.

ಈಗ ನಮ್ಮ ಮನೆಯವರಿಗೆ ಜೀವ ಬಂತು. ಧೋತ್ರ ಮೇಲೆ ಕಟ್ಟಿ ಕೆಸರಿಗೆ ಇಳಿದರು. ತೊಗರಿ ಕಟ್ಟಿಗೆಯ ಹೊರೆ ತರಿಸಿ ಕೆಳಗೆ ಹಾಸಿ, ಅದರ ಮೇಲೆ ತುಂಡುಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿದರು. ಕಲ್ಲಾಗಿದ್ದರೆ ಆ ಕೆಸರು ನುಂಗುತ್ತಿತ್ತು. ಇವು ಕೆಸರಿನ ಮೇಲೆ ದೋಣಿಯ ಹಾಗೆ ಕೂತವು. ಕಟ್ಟೆಯ ಹತ್ತಿರ ಬಂದ ಹಾಗೆ ಎರಡು ಸಾಲು, ಮೂರು ಸಾಲು ಏರಿಸಿ ಇಳಿಜಾರು ಮಾಡಿದರು. ಈಚೆ ಕಡೆಯೂ ಹಾಗೇ. ಹೊತ್ತು ಇಳಿಯುವ ಮುಂಚೆ ಎರಡು ಗಾಲಿಯ ಅಗಲಕ್ಕೆ ಬಿಳಿ ಹಾದಿಯೊಂದು ತಯಾರಾಯಿತು.

ಎತ್ತುಗಳು ಅದರ ಮೇಲೆ ಕಾಲಿಡಲು ಒಪ್ಪಲಿಲ್ಲ. ಗೊರಸಿಗೆ ಟೊಳ್ಳು ಸದ್ದು ಕೇಳಿ ಹಿಂಜರಿದವು. "ಎತ್ತಿಗಿ ನಿನ್ನ ಮ್ಯಾಲೆ ನಂಬಿಕಿ ಇಲ್ಲ ಮಾವಾ, ನನಗ ಐತಿ," ಎಂದ ಅಣ್ಣ. ಅತ್ತೆ ಒಂದು ಹಿಡಿ ಹಸಿ ಜೋಳದ ಮೇವು ಹಿಡಿದುಕೊಂಡು ಆಚೆ ದಾಟಿ, ಎತ್ತಿನ ಮೂತಿಯ ಮುಂದೆ ಅದನ್ನು ಅಲ್ಲಾಡಿಸುತ್ತ ಹಿಂದಕ್ಕೆ ಹಿಂದಕ್ಕೆ ನಡೆದು ಬಂದರು. ಗಾಲಿ ಉರುಳಿದಂತೆ ತುಂಡುಗಳು ಒಂದಿಷ್ಟು ತಗ್ಗಿದವು, ನೀರು ಚಿಮ್ಮಿತು, ಮತ್ತೆ ಎದ್ದವು. ಒಂದೆರಡು ಬಿರಿದ ಸದ್ದು ಕೇಳಿ ನಾನು ಕಣ್ಣು ಮುಚ್ಚಿದೆ. ಬಂಡಿ ಇಳಿಜಾರು ಹತ್ತಿ ನಮ್ಮ ಹತ್ತು ಮಾರಿನ ಮೇಲೆ ಬಂದಾಗ ಸದ್ದೇ ಬದಲಾಯಿತು. ಕುಲುಕಿಲ್ಲ, ಜಗ್ಗಾಟವಿಲ್ಲ. ಅಂಗಳದಲ್ಲಿ ಬಂಡಿ ಹೊಡೆದ ಹಾಗೆ.

ಅಣ್ಣ ನಡುವೆ ಬಂಡಿ ನಿಲ್ಲಿಸಿದ. ಕೆಳಗೆ ಹಾರಿ, ಆ ನೆಲದ ಮೇಲೆ ಎರಡು ಸಲ ಕಾಲು ಅಪ್ಪಳಿಸಿದ. ಕೆಸರಿನಲ್ಲಿ ನಿಂತ ನಮ್ಮ ಮನೆಯವರ ಕಡೆ ನೋಡಿ, "ಮಾವಾ, ನನ್ನ ತಂಗಿ ಮಾಡಿದ ತಪ್ಪಿನ ಮ್ಯಾಗ ನಿಂತೀನಿ ನಾನು. ಭಾಳ ಗಟ್ಟಿ ಐತಿ," ಎಂದ.

ಮರುದಿನ ಬೆಳಿಗ್ಗೆ ಅತ್ತೆ ಉಡಿ ತುಂಬಿದರು. ಬಂಡಿ ಏರುವಾಗ ಅಣ್ಣ ಹಿತ್ತಲಿಗೆ ಹೋಗಿ ಒಂದು ಸಣ್ಣ ತುಂಡು ತಂದು ಬುತ್ತಿಯ ಪಕ್ಕದಲ್ಲಿ ಇಟ್ಟುಕೊಂಡ, ಅಪ್ಪನಿಗೆ ತೋರಿಸಲು. ಅದೇ ಬಿಳಿ ಹಾದಿಯಲ್ಲಿ ತಿರುಗಿ ಹೊರಟೆವು. ನಾಗರ ಪಂಚಮಿಯ ಹಿಂದಿನ ಸಂಜೆ ತವರು ಮುಟ್ಟಿದೆ. ಅವ್ವ ಉಂಡಿಯ ಗಡಿಗೆ ತಂದು ನನ್ನ ಮುಂದೆ ಇಟ್ಟಳು. ಮಾರನೆಯ ದಿನ ನನ್ನನ್ನು ಜೋಕಾಲಿಯಲ್ಲಿ ಕೂರಿಸಿ ಅಣ್ಣನೇ ಜೀಕಿ ತೂಗಿದ. ಬೇವಿನ ತುದಿಯ ಎಲೆ ಕಾಲಿಗೆ ತಾಗುವವರೆಗೆ. "ಸಾಕು, ಬಿಡೋ!" ಎಂದು ಅವ್ವ ಕೂಗುತ್ತಿದ್ದಳು. ಅಪ್ಪ ಮಾತ್ರ ಕಟ್ಟೆಯ ಮೇಲೆ ಕೂತು ನೀರಿನ ಕೊಪ್ಪರಿಗೆಯಲ್ಲಿ ಆ ತುಂಡನ್ನು ಮುಳುಗಿಸುವುದು, ಬಿಡುವುದು ಮಾಡುತ್ತಿದ್ದರು. ಕಡೆಗೆ, "ಬಂಡಿ ವರ್ಷಾ ವರ್ಷಾ ಹೋಗಲಿ," ಎಂದರು.

ಮಳೆಗಾಲ ಮುಗಿದ ಮೇಲೆ ಸಾಹೇಬರು ಬಂದು ನೋಡಿ, ಉಳಿದ ಮೂವತ್ತು ಮಾರನ್ನೂ ಹಾಗೇ ಮಾಡಿಸಿದರು. ಆ ಸಲ ಕಟ್ಟೆ ಏಳಲಿಲ್ಲ. ಎಲ್ಲವೂ ಹಗುರವಾದ್ದರಿಂದ ಎಲ್ಲವೂ ಒಂದೇ ಸಮ ನಿಂತಿತು. ಎಷ್ಟೋ ವರ್ಷದ ಮೇಲೆ ಡಾಂಬರು ಬಂದಾಗ ಕೆಲಸದವರು ಅಗೆದು ನೋಡಿ, ಇದು ಯಾವ ಕಲ್ಲು ಎಂದು ಕೇಳುತ್ತಿದ್ದರಂತೆ. ಅಗೆಯುವುದು ಬಿಟ್ಟು ಅದರ ಮೇಲೆಯೇ ಡಾಂಬರು ಹಾಕಿಹೋದರು.

ಅಣ್ಣ ಪ್ರತಿ ವರ್ಷ ಬಂದ. ಬಂಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ, ಕಡೆಯ ವರ್ಷಗಳಲ್ಲಿ ಕೋಲೂರಿಕೊಂಡು. ಬಂದಾಗಲೆಲ್ಲ, "ಎತ್ತಿಗಿ ಈಗ ನಂಬಿಕಿ ಬಂದೈತಿ ಮಾವಾ," ಎನ್ನುತ್ತಿದ್ದ. ಬಂಡಿ ಮಾರಿ ಎಷ್ಟು ಕಾಲವಾದರೂ ಆ ಮಾತು ಬಿಡಲಿಲ್ಲ.

ಈ ಪಂಚಮಿಗೆ ಅವನಿಲ್ಲದ ಆ ಮನೆಗೆ ಹೋದೆ. ಕಾಲು ತೊಳೆಯಲು ಬಚ್ಚಲಿಗೆ ಹೋದಾಗ ನೀರಿನ ಹಂಡೆಯಲ್ಲಿ ಏನೋ ಬೆಳ್ಳಗೆ ತೇಲುತ್ತಿತ್ತು. ಅಪ್ಪನಿಗೆ ತೋರಿಸಲು ತಂದಿದ್ದ ಅದೇ ತುಂಡು. ಅವ್ವ ಅದನ್ನು ಹಿಮ್ಮಡಿ ಉಜ್ಜಲು ಇಟ್ಟುಕೊಂಡಿದ್ದಳು. ಅವಳ ನಂತರ ಅತ್ತಿಗೆ, ಈಗ ಸೊಸೆಯರು. ಸವೆದು ಸವೆದು ಅಂಗೈಯಷ್ಟಾಗಿದೆ.

"ಮಾವಾರು ಅದನ್ನ ಹೊರಗ ಒಗ್ಯಾಕ ಬಿಡ್ತಿದ್ದಿಲ್ರಿ," ಎಂದಳು ಅಣ್ಣನ ಸೊಸೆ.

ಹೊರಗೆ ಕೂತಿದ್ದ ನಮ್ಮ ಮನೆಯವರಿಗೆ ತಂದು ತೋರಿಸಿದೆ. ಅವರಿಗೆ ಈಗ ಕಣ್ಣು ಅಷ್ಟಾಗಿ ಕಾಣದು. ಕೈಯಲ್ಲಿ ತೂಗಿ ನೋಡಿ, ಉಗುರಿನಿಂದ ಎರಡು ಸಲ ಬಡಿದು, ಕಿವಿಯ ಹತ್ತಿರ ಹಿಡಿದರು.

"ನೊರಿ ಛಲೋ ಕಡದಿದ್ದಿ," ಎಂದರು.

ನಾನು ಬಚ್ಚಲಿಗೆ ಹೋಗಿ ನಿಧಾನವಾಗಿ ಹಿಮ್ಮಡಿ ಉಜ್ಜಿಕೊಂಡೆ. ಆಮೇಲೆ ಅದನ್ನು ಹಂಡೆಗೆ ಬಿಟ್ಟೆ. ಮುಳುಗಿತು, ಎದ್ದಿತು. ಅಂಗಳದಲ್ಲಿ ಅಣ್ಣನ ಮೊಮ್ಮಗಳು ಜೋಕಾಲಿಯ ಮೇಲೆ ಕೂತು, "ಅಜ್ಜೀ, ಜೀಕಾಕ ಬರ್ರಿ, ನಿಮ್ಮ ಸರದಿ ಆಮ್ಯಾಲೆ!" ಎಂದು ಕೂಗಿದಳು. ಒದ್ದೆ ಕಾಲಲ್ಲೇ ಹೋದೆ.